ಹಗಲೆಲ್ಲ ಅಡಗಿರುವ ಕೆಂಪು ಮೀನಿಗೆ ರೋಗವಿದೆಯೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇದೆ. ಮೂರು ವಾರಗಳ ಹಿಂದೆ ಅಂಗಡಿಯವರು ‘ರೆಡ್ ಸ್ಕ್ವಿರಲ್’ ಎಂದು ಹೇಳಿ ಕೊಟ್ಟ ಒಂದು ಮೀನನ್ನು ತಂದೆವು. ಸುಮಾರು ನಾಲ್ಕು ಅಂಗುಲ ಉದ್ದವಿದೆ. ಕೆಂಪು ಮೈಯ ಉದ್ದಕ್ಕೂ ಸಣ್ಣ ಬೆಳ್ಳಿಗೆರೆಗಳಿವೆ. ಬೆನ್ನಿನ ಈಜುರೆಕ್ಕೆಯ ಮುಂಭಾಗ ಕಪ್ಪಗಿದ್ದು, ಅದರಲ್ಲಿ ಬಿಳಿಯ ಗೆರೆಯೊಂದಿದೆ. ಕಣ್ಣುಗಳು ತೀರಾ ದೊಡ್ಡವು, ಊದಿಕೊಂಡಿವೆಯೆಂದು ಮನೆಯವರೆಲ್ಲ ಹೇಳುತ್ತಾರೆ. ಹಗಲಿಡೀ ಕಲ್ಲಿನ ಸಂದಿಯಿಂದ ಹೊರಬರುವುದಿಲ್ಲ, ಹಾಕಿದ ಆಹಾರವನ್ನು ಮುಟ್ಟುವುದಿಲ್ಲ. ಮೊನ್ನೆ ನಡುರಾತ್ರಿ ದೀಪ ಹಾಕಿದಾಗ ಅದರ ಕೆಂಪು ಮಾಸಿ ಬಿಳಿಚಿಕೊಂಡಿತ್ತು. ಗಾಜಿಗೆ ಕಿವಿಗೊಟ್ಟರೆ ‘ಟಕ್ ಟಕ್’ ಎಂಬ ಸದ್ದು ಕೇಳಿಸಿತು. ಈ ಮೂರು ವಾರಗಳಲ್ಲಿ ಒಂದು ಕ್ಲೀನರ್ ಸಿಗಡಿ ಮತ್ತು ಒಂದಂಗುಲದ ಎರಡು ನೀಲಿ ಡ್ಯಾಮ್ಸೆಲ್ ಮೀನುಗಳು ಕಾಣೆಯಾಗಿವೆ. 24 ಗಂಟೆಯೂ ದೀಪ ಉರಿಸಿದರೆ ಮೀನಿಗೆ ಹೊರಬರುವ ಅಭ್ಯಾಸವಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಇನ್ನಷ್ಟು ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿರುವ ಹವಳದ ಕಲ್ಲು) ಹಾಕಿ ಎಂದೂ ಹೇಳಿದ್ದಾರೆ. ಮಂಗಳೂರಿನಲ್ಲಿರುವ ನಮ್ಮ ಭಾವ ಮಾತ್ರ, ಇದು ಬಂದರಿಗೆ ಬರುವ ದೊಡ್ಡ ಕಣ್ಣಿನ ಕೆಂಪು ಮೀನೇ, ತೊಟ್ಟಿಯಲ್ಲಿ ಬದುಕುವುದಿಲ್ಲ, ಮಲ್ಪೆಯಲ್ಲಿ ಸಮುದ್ರಕ್ಕೆ ಬಿಟ್ಟುಬಿಡಿ ಎನ್ನುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಆತಂಕ ಮುಖ್ಯವಾಗಿ ಎರಡು. ಮೀನು ಕಾಯಿಲೆಯಿಂದ ನರಳುತ್ತಿದೆಯೇ ಎಂಬುದು ಒಂದು. ಅದೇ ಉಳಿದ ಜೀವಿಗಳನ್ನು ತಿನ್ನುತ್ತಿದೆಯೇ ಎಂಬುದು ಇನ್ನೊಂದು. ನೀವು ಬರೆದಿರುವ ಲಕ್ಷಣಗಳಲ್ಲಿ ಹೆಚ್ಚಿನವು ರೋಗದ ಲಕ್ಷಣಗಳಲ್ಲ, ಹವಳದ ದಿಬ್ಬದಲ್ಲಿ ರಾತ್ರಿ ಬದುಕುವ ಮೀನೊಂದರ ದಿನಚರಿಯ ಲಕ್ಷಣಗಳು. ವಿವರಗಳಿಗೆ ಹೋಗುವ ಮೊದಲು ಒಂದು ಮಾತು: 24 ಗಂಟೆ ದೀಪ ಉರಿಸುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಿಮಗೆ ಸಿಕ್ಕಿರುವ ಸಲಹೆಗಳಲ್ಲಿ ತೊಟ್ಟಿಯೊಳಗಿನ ಜೀವಕ್ಕೆ ನೇರವಾಗಿ ಕೇಡು ಮಾಡುವುದು ಅದೇ.

ನೀವು ಕೊಟ್ಟ ಗುರುತುಗಳು, ಅದರಲ್ಲೂ ಕಪ್ಪು ಬೆನ್ನುರೆಕ್ಕೆಯ ಮೇಲಿನ ಬಿಳಿ ಗೆರೆ, ಕ್ರೌನ್ ಸ್ಕ್ವಿರಲ್‌ಫಿಶ್ ಎಂದು ಕರೆಯಲಾಗುವ ಸಾರ್ಗೋಸೆಂಟ್ರಾನ್ ಡಯಾಡೆಮಾ ಎಂಬ ಜಾತಿಗೆ ಹೊಂದುತ್ತವೆ. ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಹವಾಯಿವರೆಗೆ ಹಬ್ಬಿರುವ ಈ ಮೀನು ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇದೆ. ಪೂರ್ತಿ ಬೆಳೆದರೆ ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಇದು ಸೇರುವ ಹೋಲೋಸೆಂಟ್ರಿಡೇ ಕುಟುಂಬದಲ್ಲಿ ಎರಡು ಕವಲುಗಳಿವೆ. ಕೆನ್ನೆಯ ಮೇಲೆ, ಅಂದರೆ ಕಿವಿರಿನ ಮುಚ್ಚಳದ ಮುಂದಿನ ಮೂಳೆಯಲ್ಲಿ, ಹಿಂದಕ್ಕೆ ಚಾಚಿದ ಉದ್ದನೆಯ ಮುಳ್ಳುಳ್ಳ ಸ್ಕ್ವಿರಲ್‌ಫಿಶ್‌ಗಳದು ಒಂದು ಕವಲು. ಆ ಮುಳ್ಳಿಲ್ಲದ, ಮೈ ಇನ್ನಷ್ಟು ದುಂಡಾದ ಸೋಲ್ಜರ್‌ಫಿಶ್‌ಗಳದು ಇನ್ನೊಂದು. ಎರಡೂ ಕವಲುಗಳ ಮೀನುಗಳು ಹಗಲು ಪೊಟರೆಯಲ್ಲಿದ್ದು ರಾತ್ರಿ ಹೊರಡುವಂಥವು. ಇಟಲಿಯ ಮಾಂಟೆ ಬೋಲ್ಕಾದಲ್ಲಿ ಈ ಕುಟುಂಬದ ಮೀನುಗಳ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು ದೊರೆತಿವೆ. ಅಷ್ಟು ಪುರಾತನ ವಂಶದ ರಾತ್ರಿಯ ಬದುಕನ್ನು ದೀಪದ ಸ್ವಿಚ್ಚಿನಿಂದ ತಿದ್ದಲಾಗದು.

ನಿಮ್ಮ ಭಾವನವರು ಹೇಳುತ್ತಿರುವುದು ಬೇರೆ ಮೀನು. ಮಂಗಳೂರು ಮತ್ತು ಮಲ್ಪೆಯ ಟ್ರಾಲ್ ದೋಣಿಗಳಲ್ಲಿ ಬರುವ ದೊಡ್ಡ ಕಣ್ಣಿನ ಕೆಂಪು ಮೀನು ಪ್ರಯಾಕ್ಯಾಂಥಸ್ ಹಮ್ರುರ್. ಅದೂ ರಾತ್ರಿ ಚುರುಕಾಗುವ ಮೀನೇ ಆದ್ದರಿಂದ ಎರಡನ್ನೂ ಒಂದೆಂದು ಭಾವಿಸುವುದು ಸಹಜ. ಆದರೆ ಅದರ ಹುರುಪೆಗಳು ಬಹಳ ಸಣ್ಣವು, ಮೈ ಉಜ್ಜುಕಾಗದದಂತೆ ಒರಟು, ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ನಿಮ್ಮ ಮೀನಿನ ಹುರುಪೆಗಳು ದೊಡ್ಡವು, ಅಂಚು ಮುಳ್ಳುಮುಳ್ಳಾಗಿರುತ್ತದೆ, ಬಾಯಿ ಮುಂದಕ್ಕಿರುತ್ತದೆ. ಕೆಂಪು ಬಣ್ಣ ಮತ್ತು ದೊಡ್ಡ ಕಣ್ಣು ಎರಡು ಬೇರೆ ಬೇರೆ ಕುಟುಂಬಗಳಲ್ಲಿ ಒಂದೇ ಬಗೆಯ ಬದುಕಿನಿಂದಾಗಿ ಮೂಡಿವೆ. ಸರಿಯಾದ ತೊಟ್ಟಿಯಲ್ಲಿ ಸ್ಕ್ವಿರಲ್‌ಫಿಶ್ ವರ್ಷಗಟ್ಟಲೆ ಬದುಕುತ್ತದೆ, ಈ ಬಗ್ಗೆ ಅಂಜಿಕೆ ಬೇಡ.

ಈಗ ಕಣ್ಣಿನ ವಿಷಯ. ದೊಡ್ಡ ಕಣ್ಣು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಕಾರಣ. ವಿಶೇಷವಿರುವುದು ಕಣ್ಣಿನ ಒಳಗೆ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ನಮ್ಮಲ್ಲಿ ಒಂದೇ ಸ್ತರದಲ್ಲಿದ್ದರೆ, ಈ ಕುಟುಂಬದ ಮೀನುಗಳಲ್ಲಿ ಒಂದರ ಮೇಲೊಂದರಂತೆ ಹಲವು ಸ್ತರಗಳಲ್ಲಿ ಜೋಡಣೆಯಾಗಿವೆ ಎಂದು 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವಿವರವಾಗಿ ತೋರಿಸಿದೆ. ಇಂಥ ರಚನೆ ಸಾಮಾನ್ಯವಾಗಿ ಕಾಣಸಿಗುವುದು ಆಳಸಮುದ್ರದ ಮೀನುಗಳಲ್ಲಿ. ಆಳವಿಲ್ಲದ ಹವಳದ ದಿಬ್ಬದ ಮೀನಿನಲ್ಲಿ ಅದು ಇರುವುದು ನಿಜಕ್ಕೂ ಬೆರಗಿನ ಸಂಗತಿ. ಬಣ್ಣ ಗುರುತಿಸುವ ಶಂಕುಕೋಶಗಳೂ ಸ್ವಲ್ಪ ಮಟ್ಟಿಗೆ ಉಳಿದಿವೆ. ನಕ್ಷತ್ರದ ಬೆಳಕಿನಲ್ಲಿ ಸಣ್ಣ ಏಡಿಯೊಂದನ್ನು ಹುಡುಕಲು ಹದಗೊಂಡ ಇಂಥ ಕಣ್ಣಿನ ಎದುರು ಎಲ್‌ಇಡಿ ದೀಪ ಗಂಟೆಗಟ್ಟಲೆ ಉರಿಯುತ್ತಿದ್ದರೆ ಮೀನು ಕಲ್ಲಿನ ನೆರಳನ್ನು ಬಿಟ್ಟು ಬರುವುದಾದರೂ ಹೇಗೆ?

ಆದರೂ ಕಣ್ಣು ಊದುವ ರೋಗ ನಿಜವಾಗಿ ಇದೆ, ಆದ್ದರಿಂದ ಒಮ್ಮೆ ಪರೀಕ್ಷಿಸಿ. ಸಂಜೆ ದೀಪ ಮಂದವಾದಾಗ ಮೀನನ್ನು ಎದುರಿನಿಂದಲೂ ಮೇಲಿನಿಂದಲೂ ನೋಡಿ. ಎರಡು ಕಣ್ಣುಗಳೂ ಸಮಾನವಾಗಿದ್ದು, ಕಣ್ಣಿನ ಮೇಲ್ಪದರ ತಿಳಿಯಾಗಿದ್ದು, ಕಣ್ಣಿನ ಅಂಚು ತಲೆಯೊಂದಿಗೆ ಸಪಾಟಾಗಿ ಕೂಡಿದ್ದರೆ ಅದು ಹುಟ್ಟುಗುಣ. ಒಂದು ಕಣ್ಣು ಮಾತ್ರ ಹೊರಚಾಚಿದ್ದರೆ, ಮೇಲೆ ಮಬ್ಬು ಪೊರೆ ಅಥವಾ ಒಳಗೆ ಗಾಳಿಗುಳ್ಳೆ ಕಂಡರೆ ಅದು ಪೆಟ್ಟಿನಿಂದಲೋ ಸೋಂಕಿನಿಂದಲೋ ಆದ ಊತ. ಹಗಲಿನಲ್ಲಿ ಯಾರಾದರೂ ಗಾಜು ತಟ್ಟಿದಾಗ ಗಾಬರಿಯಿಂದ ಕಲ್ಲಿಗೆ ಬಡಿದುಕೊಂಡ ಸ್ಕ್ವಿರಲ್‌ಫಿಶ್‌ಗಳಲ್ಲಿ ಇಂಥ ಪೆಟ್ಟುಗಳನ್ನು ನಾನು ಕಂಡಿದ್ದೇನೆ. ನೀರಿನ ಗುಣಮಟ್ಟ ಚೆನ್ನಾಗಿದ್ದರೆ ಪೆಟ್ಟಿನ ಊತ ತಾನಾಗಿ ಇಳಿಯುತ್ತದೆ. ಎರಡೂ ಕಣ್ಣುಗಳು ಊದಿ, ಹೊಟ್ಟೆಯೂ ಉಬ್ಬಿ, ಉಸಿರಾಟ ವೇಗವಾಗಿದ್ದರೆ ಮಾತ್ರ ಜಲಚರಗಳ ವೈದ್ಯರ ಸಲಹೆ ಬೇಕು. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಪುಡಿಯನ್ನು ಮುಖ್ಯ ತೊಟ್ಟಿಗೆ ಸುರಿಯುವುದು ಫಿಲ್ಟರಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ಕೊಂದು, ಇಲ್ಲದ ಅಮೋನಿಯಾ ಸಮಸ್ಯೆಯನ್ನು ತಂದಿಡಬಹುದು.

ಬಣ್ಣ ಮಾಸಿದ್ದಕ್ಕೂ ಗಾಬರಿ ಬೇಕಿಲ್ಲ. ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಸಮುದ್ರದ ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ. ಅದರ ಕೆಳಗೆ ಉಳಿಯುವುದು ನೀಲಿ ಮತ್ತು ಹಸಿರು. ಪ್ರತಿಫಲಿಸಲು ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೀನು ಕಡುಬೂದಿಯಾಗಿ ಕತ್ತಲಿಗೆ ಸೇರಿಹೋಗುತ್ತದೆ. ನಮ್ಮ ದೀಪದಡಿ ಎದ್ದುಕಾಣುವ ಕೆಂಪು ಅದರ ಊರಿನಲ್ಲಿ ಮರೆಯಾಗುವ ಬಣ್ಣ. ಇದರ ಜೊತೆಗೆ ಹವಳದ ದಿಬ್ಬದ ಅನೇಕ ಮೀನುಗಳಂತೆ ಇವೂ ರಾತ್ರಿ ಮೈಬಣ್ಣವನ್ನು ಮಸುಕಾಗಿಸಿಕೊಳ್ಳುತ್ತವೆ. ಥಟ್ಟನೆ ದೀಪ ಹಾಕಿದಾಗ ನಿಮಗೆ ಕಂಡದ್ದು ಆ ರಾತ್ರಿಯ ಬಣ್ಣವಿರಬೇಕು. ಬೆಳಿಗ್ಗೆ ಕೆಂಪು ಮರಳಿದ್ದರೆ ಎಲ್ಲವೂ ಸರಿಯಿದೆ. ತಿಂಗಳುಗಳು ಕಳೆದಂತೆ ಹಗಲಿನ ಬಣ್ಣವೇ ತಿಳಿಯಾಗುತ್ತ ಹೋದರೆ ಮಾತ್ರ ಆಹಾರದ ಕೊರತೆ ಎಂದು ತಿಳಿಯಿರಿ. ಈ ಕೆಂಪಿಗೆ ಬೇಕಾದ ಕ್ಯಾರೊಟಿನಾಯ್ಡುಗಳೆಂಬ ವರ್ಣದ್ರವ್ಯಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಸಿಗಡಿ ಮತ್ತು ಏಡಿಯ ಜಾತಿಯ ಜೀವಿಗಳನ್ನು ತಿಂದೇ ಪಡೆಯಬೇಕು.

ಇದರ ದಿನಚರಿಯನ್ನು ಕಾಡಿನಲ್ಲಿ ಹಕ್ಕಿಗಳನ್ನು ಗಮನಿಸುವಷ್ಟೇ ತಾಳ್ಮೆಯಿಂದ ಗಮನಿಸಿದವರು ಸಾಗರ ಜೀವವಿಜ್ಞಾನಿ ಎಡ್ಮಂಡ್ ಹಾಬ್ಸನ್. ಹವಾಯಿಯ ಕೋನಾ ತೀರದಲ್ಲಿ ಮುಸ್ಸಂಜೆ ಮತ್ತು ಮುಂಜಾವಿನ ಹೊತ್ತು ನೀರಿನಡಿ ಇದ್ದು ಅವರು ಮಾಡಿದ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಸೂರ್ಯ ಮುಳುಗಿದ ಮೇಲೆ ಹಗಲಿನ ಮೀನುಗಳು ಒಂದೊಂದಾಗಿ ಸಂದಿ ಸೇರುತ್ತವೆ. ಆಮೇಲೆ ಹದಿನೈದಿಪ್ಪತ್ತು ನಿಮಿಷ ದಿಬ್ಬದ ಮೇಲಿನ ನೀರು ಬಹುಪಾಲು ಬರಿದಾಗಿರುತ್ತದೆ. ಮಬ್ಬುಬೆಳಕಿನಲ್ಲಿ ಬೇಟೆಯಾಡುವ ದೊಡ್ಡ ಮೀನುಗಳಿಗೆ ಅದು ಅನುಕೂಲದ ಸಮಯವಾದ್ದರಿಂದ ಹಗಲಿನವೂ ರಾತ್ರಿಯವೂ ಆಗ ಹೊರಗಿರಲು ಹೆದರುತ್ತವೆ. ಕತ್ತಲು ಗಟ್ಟಿಯಾದ ಮೇಲೆ ರಾತ್ರಿಯ ಮೀನುಗಳು ಹೊರಡುತ್ತವೆ: ಸೋಲ್ಜರ್‌ಫಿಶ್‌ಗಳು ಮೇಲಕ್ಕೇರಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳನ್ನು ಹಿಡಿದರೆ, ನಿಮ್ಮದರಂಥ ಸ್ಕ್ವಿರಲ್‌ಫಿಶ್‌ಗಳು ತಳಕ್ಕೆ ಸಮೀಪದಲ್ಲೇ ಈಜುತ್ತ ಸಣ್ಣ ಸಿಗಡಿ, ಏಡಿ, ಹುಳು, ಶಂಖದ ಹುಳುಗಳನ್ನು ಹುಡುಕುತ್ತವೆ. ಬೆಳಗಾಗುವ ಮುನ್ನ ಮತ್ತೆ ಪೊಟರೆ ಸೇರುತ್ತವೆ. ನಿಮ್ಮ ಮನೆಯ ಹಜಾರದಲ್ಲಿ ರಾತ್ರಿ ಹನ್ನೊಂದರವರೆಗೆ ದೀಪ, ಟಿವಿ ಇದ್ದರೆ, ಆ ಮೀನಿನ ಪಾಲಿಗೆ ಹನ್ನೊಂದರವರೆಗೂ ಸಂಜೆಯೇ ಆಗಿರುವುದಿಲ್ಲ.

ನೀವು ಕೇಳಿದ ಸದ್ದು ಮೀನಿನದೇ. ಮೀನಿಗೆ ತೇಲಲು ನೆರವಾಗುವ, ಹೊಟ್ಟೆಯೊಳಗಿನ ಗಾಳಿಚೀಲದ ಮುಂಭಾಗದ ಬಳಿ ತಲೆಬುರುಡೆಯ ಹಿಂಬದಿಯಿಂದ ಪಕ್ಕೆಲುಬುಗಳಿಗೆ ಕೂಡುವ ಜೋಡಿ ಸ್ನಾಯುಗಳು ಬಹಳ ವೇಗವಾಗಿ ಸಂಕುಚಿಸಿದಾಗ ಪಕ್ಕೆಲುಬಿನ ಮೂಲಕ ಚೀಲ ಅದುರುತ್ತದೆ, ತಂಬೂರಿಯ ಬುರುಡೆಯಂತೆ ಆ ಚೀಲ ಸದ್ದನ್ನು ಹಿಗ್ಗಿಸುತ್ತದೆ. ಅಟ್ಲಾಂಟಿಕ್‌ನ ಸ್ಕ್ವಿರಲ್‌ಫಿಶ್ ಮೇಲೆ 1960ರ ದಶಕದಲ್ಲೇ ನಡೆದ ಅಧ್ಯಯನಗಳು ಎರಡು ಬಗೆಯ ಸದ್ದುಗಳನ್ನು ಬೇರ್ಪಡಿಸಿದವು. ಬಿಡಿಯಾದ ಗೊರಕೆಯಂಥ ಸದ್ದು ತನ್ನ ಪೊಟರೆಯ ಬಳಿ ಬಂದ ಸಣ್ಣ ಮೀನನ್ನು ಓಡಿಸಲು; ತಡೆತಡೆದು ಬರುವ ಸರಣಿ ಸದ್ದು ಅಪಾಯ ಕಂಡಾಗ. ನಡುರಾತ್ರಿ ದೀಪ ಹಾಕಿದ ನಿಮ್ಮನ್ನು ಕಂಡು ಅದು ಎರಡನೆಯದನ್ನು ಮಾಡಿದ್ದಿರಬಹುದು. ಇವುಗಳ ಶ್ರವಣವೂ ಗಮನಾರ್ಹ. 1979ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಹವಾಯಿಯ ಒಂದು ಸೋಲ್ಜರ್‌ಫಿಶ್ 3,000 ಹರ್ಟ್ಸ್‌ವರೆಗಿನ ಸದ್ದನ್ನು ಕೇಳಿಸಿಕೊಂಡರೆ, ಸ್ಕ್ವಿರಲ್‌ಫಿಶ್‌ನ ಮಿತಿ 800 ಹರ್ಟ್ಸ್ ಆಸುಪಾಸಿನಲ್ಲಿತ್ತು. ಮೊದಲನೆಯದರ ಗಾಳಿಚೀಲ ಒಳಗಿವಿಯವರೆಗೆ ಚಾಚಿ ಅದಕ್ಕೆ ಅಂಟಿಕೊಂಡಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಗಾಜನ್ನು ತಟ್ಟಬೇಡಿ ಎಂದು ನಾನು ಮನೆಯ ಮಕ್ಕಳಿಗೆ ಮತ್ತೆ ಮತ್ತೆ ಹೇಳುವುದು ಇದೇ ಕಾರಣಕ್ಕೆ.

ಕಾಣೆಯಾದ ಜೀವಿಗಳ ವಿಷಯದಲ್ಲಿ ನಿಮ್ಮ ಅನುಮಾನ ಬಹುತೇಕ ಸರಿ. ಸಿಗಡಿ ಈ ಮೀನಿನ ಸಹಜ ಆಹಾರ. ಕ್ಲೀನರ್ ಸಿಗಡಿಯನ್ನು ಯಾವ ಮೀನೂ ತಿನ್ನುವುದಿಲ್ಲ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬಲವಾಗಿದೆ, ಆದರೆ ಆ ಒಪ್ಪಂದ ಹಗಲಿನಲ್ಲಿ, ಸಿಗಡಿ ಶುಚಿಮಾಡುವ ತನ್ನ ಜಾಗದಲ್ಲಿ ನಿಂತಾಗ ನಡೆಯುವಂಥದ್ದು. ಪೊರೆ ಕಳಚಿ ಮೈ ಮೆತ್ತಗಾದ ರಾತ್ರಿ ಅದನ್ನು ಕಾಯುವವರಿಲ್ಲ. ಒಂದಂಗುಲದ ಡ್ಯಾಮ್ಸೆಲ್‌ಗಳು ನಾಲ್ಕು ಅಂಗುಲದ ಸ್ಕ್ವಿರಲ್‌ಫಿಶ್‌ನ ಬಾಯಿಗೆ ಹಿಡಿಯುವ ಅಂಚಿನಲ್ಲಿವೆ. ರಾತ್ರಿ ಅವು ಮಲಗುವುದೂ ಇದು ತಿರುಗಾಡುವುದೂ ಒಂದೇ ಸಂದಿಗಳಲ್ಲಿ. ಆದರೂ ತೀರ್ಮಾನಕ್ಕೆ ಮುನ್ನ ತೊಟ್ಟಿಯ ಹಿಂದಿನ ನೆಲ, ಫಿಲ್ಟರಿನ ನೀರು ಹೋಗುವ ಪೆಟ್ಟಿಗೆ, ಪಂಪಿನ ಬಾಯಿ ಇವನ್ನು ನೋಡಿ. ಸಣ್ಣ ಡ್ಯಾಮ್ಸೆಲ್‌ಗಳು ಅಲ್ಲಿ ಸಿಕ್ಕಿಕೊಂಡು ಸಾಯುವುದು ಅಪರೂಪವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೀನನ್ನು ಉಳಿಸಿಕೊಳ್ಳುವುದಾದರೆ ಅದಕ್ಕೆ ನಿಜವಾದ ರಾತ್ರಿಯನ್ನು ಕೊಡಿ. ಮುಖ್ಯ ದೀಪ ದಿನಕ್ಕೆ ಹತ್ತು ಗಂಟೆ ಸಾಕು. ಅದನ್ನು ಟೈಮರಿಗೆ ಜೋಡಿಸಿ, ಆರುವ ಮುನ್ನ ಒಂದು ಗಂಟೆ ಮಂದ ನೀಲಿ ಬೆಳಕು ಮಾತ್ರ ಇರುವಂತೆ ಮಾಡಿ. ಸಂಜೆಯ ನಂತರ ಹಜಾರದ ಬೆಳಕು ಬೀಳದಂತೆ ಎದುರಿನ ಗಾಜಿಗೆ ಬಟ್ಟೆಯ ಪರದೆ ಇಳಿಬಿಟ್ಟರೂ ಆದೀತು. ರಾತ್ರಿ ನೋಡಬೇಕೆನಿಸಿದರೆ ಮಂದವಾದ ಕೆಂಪು ಟಾರ್ಚ್ ಬಳಸಿ. ಕಡುಗೆಂಪು ಬೆಳಕನ್ನು ಈ ಕಣ್ಣುಗಳು ಅಷ್ಟಾಗಿ ಗ್ರಹಿಸವು. ಸಂಜೆಯ ಆ ಒಂದು ಗಂಟೆ ಅಭ್ಯಾಸವಾದರೆ ನಿಮ್ಮ ಮನೆಯವರೆಲ್ಲ ಅದಕ್ಕಾಗಿ ಕಾಯುತ್ತಾರೆ ಎಂಬುದು ನನ್ನ ಅನುಭವ.

ಆಹಾರವನ್ನು ದೀಪ ಆರಿದ ಅರ್ಧ ಗಂಟೆಯ ನಂತರ ಕೊಡಿ. ಸಣ್ಣಗೆ ಹೆಚ್ಚಿದ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿಯ (ಚಿಪ್ಪುಜೀವಿ) ಮಾಂಸ, ಹೆಪ್ಪುಗಟ್ಟಿಸಿದ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಇವನ್ನು ಬದಲಿಸಿ ಬದಲಿಸಿ, ಉದ್ದನೆಯ ಚಿಮಟಿಗೆಯಿಂದ ಅದರ ಪೊಟರೆಯ ಬಾಯಿಗೆ ಒಯ್ಯಿರಿ. ಒಂದೇ ಬಗೆಯ ಹಸಿ ಸಿಗಡಿಯನ್ನು ತಿಂಗಳುಗಟ್ಟಲೆ ಕೊಟ್ಟರೆ ಥಯಾಮಿನ್ (ವಿಟಮಿನ್ ಬಿ1) ಕೊರತೆ ಬರಬಹುದು. ಸಿಹಿನೀರಿನ ಜೀವಂತ ಸಣ್ಣ ಮೀನುಗಳನ್ನು ಬಿಡುವ ರೂಢಿ ಇನ್ನೂ ಕೆಟ್ಟದ್ದು, ಅವುಗಳ ಕೊಬ್ಬು ಸಮುದ್ರದ ಮೀನಿಗೆ ಹೊಂದುವುದಿಲ್ಲ, ಬೇಟೆಯ ಚಟ ಬೇರೆ ಹತ್ತುತ್ತದೆ. ಅಂಗಡಿಯವರ ಮಾತಿನಲ್ಲಿ ನಿಜದ ಅಂಶವೊಂದಿದೆ: ತಿಂಗಳುಗಳು ಕಳೆದಂತೆ ಹೊಟ್ಟೆ ತುಂಬುವ ಹೊತ್ತನ್ನು ಕಲಿತ ಸ್ಕ್ವಿರಲ್‌ಫಿಶ್ ಹಗಲಿನಲ್ಲೂ ಆಹಾರಕ್ಕೆ ಹೊರಬರುತ್ತದೆ. ಅದಕ್ಕೆ ಕಾರಣ ಭಯ ಕಳೆದದ್ದು ಮತ್ತು ಕೊಟ್ಟ ಆಹಾರದ ಮೇಲಿನ ನಂಬಿಕೆ. ದೀಪದಿಂದ ಅಟ್ಟಿ ಅದನ್ನು ಸಾಧಿಸಲಾಗದು. ಬಿಡುವಿಲ್ಲದ ಬೆಳಕಿನಲ್ಲಿ ಅದು ಬೇಟೆಗೂ ಬರದೆ, ಕೊಟ್ಟದ್ದನ್ನೂ ತಿನ್ನದೆ, ದೇಹದ ರೋಗನಿರೋಧಕ ಶಕ್ತಿ ಕುಂದಿ ಬಿಳಿ ಚುಕ್ಕೆ ರೋಗ ತರುವಂಥ ಪರಾವಲಂಬಿಗಳಿಗೆ ತುತ್ತಾಗುತ್ತದೆ; ರಾತ್ರಿ ನಿದ್ರಿಸಬೇಕಾದ ಉಳಿದ ಮೀನುಗಳೂ ಸೊರಗುತ್ತವೆ, ಪಾಚಿ ಮಾತ್ರ ಕೊಬ್ಬುತ್ತದೆ.

ರಾತ್ರಿ ಪಾಚಿಗಳು ಆಮ್ಲಜನಕ ತಯಾರಿಸುವುದಿಲ್ಲ, ಎಲ್ಲವೂ ಉಸಿರಾಡುತ್ತವೆ ಅಷ್ಟೇ, ಅದೇ ಹೊತ್ತಿಗೆ ಈ ಮೀನು ಚುರುಕಾಗಿರುತ್ತದೆ. ಆದ್ದರಿಂದ ನೀರಿನ ಕಲ್ಮಶವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರನ್ನು ರಾತ್ರಿ ನಿಲ್ಲಿಸಬೇಡಿ, ಕರೆಂಟ್ ಹೋದಾಗ ನಡೆಯುವ ಬ್ಯಾಟರಿಯ ಗಾಳಿ ಪಂಪೊಂದನ್ನು ಇಟ್ಟುಕೊಳ್ಳಿ.

ಅಡಗುತಾಣ ಹೆಚ್ಚಿಸುವುದು ಒಳ್ಳೆಯದೇ, ಆದರೆ ಸಮುದ್ರದಿಂದ ಕಿತ್ತು ತಂದ ಲೈವ್ ರಾಕ್ ಬೇಡ. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ನಮ್ಮ ಸಮುದ್ರದ ಹವಳದ ತುಂಡನ್ನು ಮಾರುವುದೂ ಕೊಳ್ಳುವುದೂ ಹುಲಿಯ ಚರ್ಮದ ವಹಿವಾಟಿನಷ್ಟೇ ಗಂಭೀರ ಅಪರಾಧದ ಸಾಲಿಗೆ ಸೇರುತ್ತದೆ. ಸೆರಾಮಿಕ್ ಕಲ್ಲುಗಳಿಂದ ಎರಡು ಬಾಯಿಯ ಗುಹೆಯೊಂದನ್ನು ಕಟ್ಟಿ. ಮೀನು ಒಳಗೆ ತಿರುಗುವಷ್ಟು ಅಗಲವಿರಲಿ.

ನಿಮ್ಮ ತೊಟ್ಟಿ ಸುಮಾರು 250 ಲೀಟರಿನದು. ಈ ಜಾತಿಯ ಒಂದು ಮೀನಿಗೆ ಸದ್ಯಕ್ಕೆ ಸಾಲುತ್ತದೆ, 17 ಸೆಂಟಿಮೀಟರ್ ಬೆಳೆದಾಗ ಇಕ್ಕಟ್ಟಾಗುತ್ತದೆ. ಸಿಗಡಿಗಳನ್ನೂ ಎರಡು ಅಂಗುಲಕ್ಕಿಂತ ಸಣ್ಣ ಮೀನುಗಳನ್ನೂ ಇದರೊಂದಿಗೆ ಇಡುವ ಆಸೆ ಬಿಡಬೇಕು. ಅವೇ ನಿಮಗೆ ಹೆಚ್ಚು ಪ್ರಿಯವಾಗಿದ್ದರೆ, ಮುಜುಗರಪಡದೆ ಇದನ್ನು ದೊಡ್ಡ ತೊಟ್ಟಿಯುಳ್ಳ ಅನುಭವಿ ಹವ್ಯಾಸಿಗೆ ಕೊಡಿ. ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಮಾಡುವಂತೆ ಹಗಲು ಕತ್ತಲಾಗಿಸಿ ರಾತ್ರಿ ಬೆಳಕು ಕೊಡುವ ಕ್ರಮವೂ ಇದೆ. ಆದರೆ ಅದಕ್ಕೆ ಹೊರಗಿನ ಬೆಳಕು ಒಂದಿಷ್ಟೂ ಸುಳಿಯದ ಕೋಣೆ ಬೇಕು, ಹಜಾರದಲ್ಲಿ ಪ್ರಯತ್ನಿಸಿದರೆ ಮೀನಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ ಎಂಬ ಸ್ಥಿತಿಯಾಗುತ್ತದೆ. ಬದಲಿಗೆ ಇನ್ನೊಂದನ್ನು ಕೊಳ್ಳುವ ಮುನ್ನ ಇದನ್ನೂ ಯೋಚಿಸಿ: ಇವುಗಳ ಮರಿಗಳು ತೆರೆದ ಸಮುದ್ರದಲ್ಲಿ ವಾರಗಟ್ಟಲೆ ತೇಲಿ ಬೆಳೆಯುವುದರಿಂದ, ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಕ್ಲೌನ್‌ಫಿಶ್ ಮರಿ ಮಾಡಿಸಿದಂತೆ ಇವನ್ನು ಮಾಡಿಸುವುದು ವ್ಯಾಪಾರದ ಮಟ್ಟದಲ್ಲಿ ಸಾಧ್ಯವಾಗಿಲ್ಲ. ಮಾರಾಟಕ್ಕೆ ಬರುವ ಸ್ಕ್ವಿರಲ್‌ಫಿಶ್ ಹವಳದ ದಿಬ್ಬದಿಂದ ಹಿಡಿದು ತಂದದ್ದು.

ಹಾಗೆಂದು ಮಲ್ಪೆಯಲ್ಲಿ ಬಿಡುವುದು ಪರಿಹಾರವಲ್ಲ. ಯಾವ ದೇಶದ ನೀರಿನಿಂದ ಬಂದಿದೆಯೋ ತಿಳಿಯದ, ಅಂಗಡಿಯ ತೊಟ್ಟಿಗಳ ಪರಾವಲಂಬಿಗಳನ್ನು ಹೊತ್ತಿರಬಹುದಾದ ಮೀನದು. ಮರಳಿನ ತಳದ ಬಂದರಿನಲ್ಲಿ ಅದಕ್ಕೆ ಪೊಟರೆಯೂ ಸಿಗದು. ಬದುಕಿದರೂ ತೊಂದರೆಯೇ: ಇದೇ ಕುಲದ ಸಾರ್ಗೋಸೆಂಟ್ರಾನ್ ರುಬ್ರಮ್ ಸೂಯೆಜ್ ಕಾಲುವೆಯ ಮೂಲಕ ದಾಟಿ, ಪೂರ್ವ ಮೆಡಿಟರೇನಿಯನ್ನಿನ ಕಲ್ಲುಗುಹೆಗಳಲ್ಲಿ ಇಂದು ಸಾಮಾನ್ಯವಾಗಿಬಿಟ್ಟಿದೆ.

ಕೊನೆಯದಾಗಿ, ಮೀನನ್ನು ಸ್ಥಳಾಂತರಿಸುವಾಗ ಬಲೆ ಬಳಸಬೇಡಿ. ಕೆನ್ನೆಯ ಮುಳ್ಳು ಬಲೆಯ ಎಳೆಗೆ ಸಿಕ್ಕಿ, ಬಿಡಿಸಲು ಹೋದಾಗ ಮೀನಿನ ಮುಖವೂ ನಿಮ್ಮ ಬೆರಳೂ ಗಾಯಗೊಳ್ಳುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಓರೆಯಾಗಿ ಮುಳುಗಿಸಿ, ಅದರೊಳಕ್ಕೆ ಮೆಲ್ಲನೆ ನಡೆಸಿ. ಆ ಮುಳ್ಳಿನಲ್ಲಿ ನಂಜಿದೆ, ಚುಚ್ಚಿದರೆ ತೀವ್ರ ನೋವಾಗುತ್ತದೆ. ಹಾಗಾದಲ್ಲಿ ಗಾಯವನ್ನು ತೊಳೆದು, ಮುರಿದ ಚೂರಿದ್ದರೆ ತೆಗೆದು, ತಾಳಿಕೊಳ್ಳುವಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಅದ್ದಿಡಿ. ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಳ್ಳಿ, ಏಕೆಂದರೆ ನೋಯುವ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ. ನೋವು ಇಳಿಯದಿದ್ದರೆ, ಊತ ಹಬ್ಬಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿ.